ಮುನೀಮರ ವಹಿ

ತಂತ್ರಾಂಶ ಬರೆಯುವುದು ನಮ್ಮ ಕಾಯಕ. ಹುಟ್ಟೂರು ಕಮಲಾಪುರ, ಅನ್ನ ಕೊಟ್ಟ ಊರು ಕಲಬುರಗಿ. ಈ ಪಟ್ಟಣವಿನ್ನೂ ಗುಲಬರ್ಗಾ ಎನಿಸಿಕೊಂಡಿದ್ದ 2003ರಲ್ಲಿ, ಗಂಜಿನ ಒಂದು ಅಡತಿ ಅಂಗಡಿಗೆ ತೊಗರಿ ಲೆಕ್ಕದ ತಂತ್ರಾಂಶವೊಂದನ್ನು ಸಿದ್ಧಪಡಿಸಿಕೊಟ್ಟೆವು. ಪರದೆಯ ತುಂಬ ಬಣ್ಣ, ಮೇಲಂಚಿನಲ್ಲಿ ಓಡುವ ಅಕ್ಷರ, ಎಲ್ಲವೂ ಇಂಗ್ಲಿಷಿನಲ್ಲಿ. ನೋಡಿದವರು ಹೊಗಳಿದರು, ನಾವೂ ಹಿಗ್ಗಿದೆವು.

ಅಂಗಡಿಯ ಮುನೀಮರಿಗೆ ಆಗಲೇ ಅರವತ್ತು ದಾಟಿತ್ತು. ಒಂದು ದಿನ ರೈತರೊಬ್ಬರ ತೊಗರಿ 12 ಕ್ವಿಂಟಲ್ 5 ಕಿಲೋ ತೂಗಿತು. ಮುನೀಮರು ಬಾಯಲ್ಲಿ ಹೇಳಿಕೊಂಡಂತೆಯೇ ಹನ್ನೆರಡು, ಚುಕ್ಕೆ, ಐದು ಎಂದು ಒತ್ತಿದರು. ಯಂತ್ರವು ಅದನ್ನು 12 ಕ್ವಿಂಟಲ್ 50 ಕಿಲೋ ಎಂದು ಹಿಡಿಯಿತು. 45 ಕಿಲೋ ತೊಗರಿಯ ಹಣ ಹೆಚ್ಚಾಗಿ ಹೋಯಿತು. ಆ ಮೊತ್ತವನ್ನು ಮುನೀಮರ ಪಗಾರದಲ್ಲಿ ಮುರಿದುಕೊಳ್ಳಲಾಯಿತು.

ಸುದ್ದಿ ತಿಳಿದು ಹೋದ ನಾವು, "ಕಾಕಾ, ಐದಕ್ಕೆ ಮೊದಲು ಒಂದು ಸೊನ್ನೆ ಒತ್ತಬೇಕಿತ್ತಲ್ಲ" ಎಂದೆವು. ಇಂದಿಗೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ. ಅವರು ಸಿಟ್ಟಾಗಲಿಲ್ಲ. ಗಾದಿಯ ಕೆಳಗಿನಿಂದ ತಮ್ಮ ಹಳೆಯ ವಹಿ ತೆಗೆದು ತೋರಿಸಿದರು. ಅದರಲ್ಲಿ ಕ್ವಿಂಟಲಿಗೊಂದು ಮನೆ, ಕಿಲೋಗೊಂದು ಮನೆ, ನಡುವೆ ಕೆಂಪು ಗೆರೆ. "ತಮ್ಮಾ, ನಲವತ್ತು ವರ್ಷದಾಗ ಈ ವಹಿ ನನ್ನ ಕೈಲೆ ಇಂಥ ತಪ್ಪು ಮಾಡಿಸಿಲ್ಲ ನೋಡು" ಎಂದರು.

ತಪ್ಪು ಮುನೀಮರದಲ್ಲ, ನಾವು ಕೊಟ್ಟ ಒಂದೇ ಮನೆಯದು. ಅದನ್ನು ಎರಡು ಮಾಡಿದೆವು. ಕಿಲೋದ ಮನೆ 99ರ ಮೇಲಿನ ಅಂಕಿಯನ್ನು ಒಪ್ಪದಂತೆ ಕಟ್ಟಿದೆವು. ಚೀಲ, ತೂಕ, ದರ, ಹಮಾಲಿ ಎಲ್ಲವೂ ವಹಿಯ ಕ್ರಮದಲ್ಲಿಯೇ ಬಂದವು. ಓಡುವ ಅಕ್ಷರ ಹೋಯಿತು. ಕೆಂಪು ಗೆರೆಯೊಂದು ಉಳಿಯಿತು, ಮತ್ತು ಪರದೆ ಮೊದಲಿಗಿಂತ ಚೆಲುವಾಗಿಯೇ ಕಂಡಿತು!

ಇನ್ನು ಕನ್ನಡದ ಪ್ರಶ್ನೆ. ಇಲ್ಲಿ ನಮಗೆ ದಾರಿ ತೋರಿದವರು ಕೆ. ಪಿ. ರಾವ್. ಅವರು ರೂಪಿಸಿದ, ಮುಂದೆ ಕರ್ನಾಟಕ ಸರಕಾರವು ಒಪ್ಪಿದ ಕೀಲಿಮಣೆ ವಿನ್ಯಾಸವನ್ನು ವಾಚಕರಲ್ಲಿ ಹಲವರು 'ನುಡಿ'ಯಲ್ಲಿ ಬಳಸಿರಬಹುದು. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ರಾಯರ ವಿನ್ಯಾಸದಲ್ಲಾದರೋ ನಾಲಿಗೆ ನುಡಿದ ಕ್ರಮದಲ್ಲಿ ಬೆರಳು ನಡೆದರೆ ಸಾಕು, ಒತ್ತಕ್ಷರವನ್ನು ಯಂತ್ರವೇ ಕೂಡಿಸುತ್ತದೆ. ವ್ಯಂಜನದೊಳಗಿನ ಅಕಾರಕ್ಕೆ ಬೇರೆ ಕೀಲಿ ಬೇಡ. ಆದುದರಿಂದ 'ಕನ್ನಡ' ಎಂಬ ಪದಕ್ಕೆ ಐದೇ ಕೀಲಿ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ದ ಲಿಪ್ಯಂತರ ಕ್ರಮದಲ್ಲಿ ಅದೇ ಪದಕ್ಕೆ ಏಳು. ಇಂಗ್ಲಿಷ್ ಕಾಗುಣಿತ ರೂಢಿಯಾದವರಿಗೆ ಆ ಏಳೇ ಹಗುರವೆಂಬುದೂ ನಿಜ. ನಮ್ಮ ಮುನೀಮರು ಇಂಗ್ಲಿಷ್ ಓದಿದವರಲ್ಲ. ಅವರಿಗೆ ಐದು ಒಗ್ಗಿತು. ಎರಡೇ ವಾರಗಳಲ್ಲಿ ರೈತರ ಹೆಸರು, ಊರುಗಳನ್ನು ತಾವೇ ಬರೆಯತೊಡಗಿದರು.

ಮುರಿದುಕೊಂಡ ಹಣವನ್ನು ನಾವು ಕೊಡಹೋದೆವು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ರೊಕ್ಕ ಬ್ಯಾಡಪ್ಪಾ, ಊರಿಗೆ ಹೋದಾಗ ನಿಮ್ಮ ಕಮಲಾಪುರದ ಕೆಂಪು ಬಾಳಿಹಣ್ಣು ತಗೊಂಡು ಬಾ" ಎಂದರು. ಮುಂದಿನ ಸೋಮವಾರ ಒಂದು ಗೊನೆಯನ್ನೇ ಹೊತ್ತುಕೊಂಡು ಹೋದೆವು.