ನಕಲಿನ ಹಿಂಬದಿ

ಸನ್ನದು ಸಿಕ್ಕ ಹೊಸದರಲ್ಲಿ ನಾನು ಸೇರಿದ್ದು ಕೋರ್ಟಿನ ಎದುರಿಗಿದ್ದ ಪುಟ್ಟ ಆಫೀಸಿಗೆ. ಸೀನಿಯರ್, ಒಬ್ಬ ಗುಮಾಸ್ತರು, ನಾನು, ಅಷ್ಟೇ. ಹಾಗಾಗಿ ಮೊದಲ ವಾರದಲ್ಲೇ ಕಕ್ಷಿದಾರರ ಎದುರು ಕೂರಬೇಕಾಯಿತು.

ಜಮೀನಿನ ಕೇಸು ಸೋತ ಅಜ್ಜಿಯೊಬ್ಬರು ತೀರ್ಪಿನ ನಕಲು ತಂದಿದ್ದರು. ಅಂಥ ಕೇಸಿನಲ್ಲಿ ಜಿಲ್ಲೆಯ ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನದ ಗಡುವು. ತೀರ್ಪಾಗಿ ಆಗಲೇ 36 ದಿನ ಕಳೆದಿತ್ತು.

"ಗಡುವು ಮುಗಿದಿದೆ ಅಜ್ಜಿ" ಎಂದುಬಿಟ್ಟೆ. ಅವರು ಮಾತಾಡದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಬಂದ ಸೀನಿಯರ್ ನಕಲನ್ನು ತಿರುವಿ ಹಿಂಬದಿಯ ಮೊಹರು ತೋರಿಸಿದರು. ನಕಲಿಗೆ ಅರ್ಜಿ ಕೊಟ್ಟ ದಿನ, ಅದು ಸಿದ್ಧವಾದ ದಿನ ಎರಡೂ ಅಲ್ಲಿದ್ದವು. ಹಿಡಿದದ್ದು 11 ದಿನ.

"1963ರ ಕಾಲಮಿತಿ ಕಾಯ್ದೆ, 12ನೇ ಕಲಂ. ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆಯಬೇಕಲ್ಲವೇನಯ್ಯ?"

ಅಂದರೆ ಇನ್ನೂ 5 ದಿನ ಉಳಿದಿತ್ತು! ಆ ರಾತ್ರಿಯೇ ಕೂತು ಕರಡು ಬರೆದೆ. ಗಡುವಿನೊಳಗೆ ಮೇಲ್ಮನವಿ ದಾಖಲಾಯಿತು.

ಪರೀಕ್ಷೆಯಲ್ಲಿ ಅದೇ ಕಲಂ ಬರೆದು ಅಂಕ ಪಡೆದಿದ್ದೆ. ಅಜ್ಜಿಯ ಎದುರು ನೆನಪಾಗಲಿಲ್ಲ. ಈಗಲೂ ಯಾರೇ ಕಾಗದ ಕೊಟ್ಟರೂ ಮೊದಲು ಹಿಂಬದಿ ನೋಡುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ.