ಎಂಜಿನ್ ಇಲ್ಲದ ವಿಮಾನ ಮತ್ತು ನನ್ನ ಉಮ್ಮ

ಮೇ 22ರಂದು ನಮ್ಮ ಮನೆಯಲ್ಲಿ ಟಿ.ವಿ. ಹಾಕುವುದಿಲ್ಲ. 2010ರ ಆ ಶನಿವಾರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ ತೀರಿಹೋದ 158 ಮಂದಿಯಲ್ಲಿ ಉಮ್ಮನ ಕಿರಿಯ ತಮ್ಮ, ನನ್ನ ಸಣ್ಣ ಮಾಮನೂ ಒಬ್ಬರು. ನಾನಾಗ ಒಂಬತ್ತನೇ ತರಗತಿ ಮುಗಿಸಿದ್ದೆ. ಮಾಮನನ್ನು ಕರೆತರಲು ಉಪ್ಪಳದಿಂದ ಜೀಪಿನಲ್ಲಿ ಹೋದವರಲ್ಲಿ ನಾನೂ ಇದ್ದೆ. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಮಂಗಳೂರಿನಿಂದ ಕಾಸರಗೋಡಿನವರೆಗೆ ಎಷ್ಟೋ ಮನೆಗಳಿಗೆ ಅದು ಗೊತ್ತಿರುವುದೇ.

ಆಮೇಲೆ ಉಮ್ಮ ವಿಮಾನ ಹತ್ತಲಿಲ್ಲ. ಉಪ್ಪ ಗಲ್ಫಿನಲ್ಲಿದ್ದಾಗ ಎರಡು ಸಲ ವಿಸಿಟ್ ವೀಸಾ ತೆಗೆದರು, ಎರಡೂ ಹಾಳಾಯಿತು. ಉಮ್ರಾಕ್ಕೆ ಹೋಗುವ ಮಾತು ಬಂದರೆ, "ಅಜ್ಜನ ಕಾಲದಲ್ಲಿ ಬೊಂಬಾಯಿಯಿಂದ ಹಡಗಿತ್ತು. ಈಗಲೂ ಇದ್ದಿದ್ದರೆ ಹೋಗುತ್ತಿದ್ದೆ" ಎನ್ನುತ್ತಾರೆ. ನಾನು ಓದಲೆಂದು ಜರ್ಮನಿಗೆ ಹೊರಟ ರಾತ್ರಿ, ಇಳಿದು ಫೋನ್ ಮಾಡುವವರೆಗೂ ಯಾಸೀನ್ ಓದುತ್ತಾ ಕೂತಿದ್ದರಂತೆ.

ಅಂಥ ಮನೆಯ ಮಗ ನಾನು ಗ್ಲೈಡರ್ ಹಾರಿಸಲು ಕಲಿತೆ. ಎರಡು ವರ್ಷ ಮನೆಗೆ ಹೇಳಲೇ ಇಲ್ಲ.

ನನಗೆ ಕೆಲಸ ಸಿಕ್ಕಿದ್ದು ಫುಲ್ಡಾ ಎಂಬ ಊರಿನಲ್ಲಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ವಾಸರ್‌ಕುಪ್ಪೆ ಎಂಬ ಗುಡ್ಡವಿದೆ, 950 ಮೀಟರ್ ಎತ್ತರ. 1911ರಲ್ಲೇ ಕಾಲೇಜು ಹುಡುಗರು ಇಲ್ಲಿ ಗ್ಲೈಡರ್ ಹಾರಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ ವಿಮಾನ ತಯಾರಿಸಲು ಅಡ್ಡಿ ಬಂದಾಗ, ಹಾರುವ ಹುಚ್ಚಿದ್ದವರೆಲ್ಲ ಎಂಜಿನ್ ಇಲ್ಲದ ವಿಮಾನದ ಕಡೆಗೆ ತಿರುಗಿದರು. 1920ರಿಂದ ಈ ಗುಡ್ಡದಲ್ಲಿ ಸ್ಪರ್ಧೆಗಳು ಶುರುವಾದವು. ಒಂದು ಭಾನುವಾರ ಸಹೋದ್ಯೋಗಿಯ ಜೊತೆ ತಿರುಗಾಡಲು ಹೋದವನು ದುಡ್ಡು ಕೊಟ್ಟು ಒಂದು ಸುತ್ತು ಹಾರಿದೆ. ಹತ್ತುವಾಗ ಕೈ ನಡುಗುತ್ತಿತ್ತು. ಮೇಲೆ ಹೋದ ಮೇಲೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಉಪ್ಪಳದ ಕಡಲ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಗರುಡ ನೆನಪಾಯಿತು. ಮರುವಾರ ಹತ್ತಿರದ ಒಂದು ಕ್ಲಬ್ಬಿಗೆ ಸೇರಿದೆ.

ಕ್ಲಬ್ಬೆಂದರೆ ಶ್ರೀಮಂತರ ಗೌಜಿ ಎಂದುಕೊಂಡಿದ್ದೆ. ಹಾಗೇನಿಲ್ಲ, ಒಂದು ಹುಲ್ಲಿನ ಬಯಲು, ಒಂದು ಶೆಡ್. ಕಲಿಸುವವರಿಗೆ ಸಂಬಳವಿಲ್ಲ. ಬೆಳಗ್ಗೆ ಎಲ್ಲರೂ ಬಂದು ಗ್ಲೈಡರ್ ಹೊರಗೆ ತಳ್ಳಬೇಕು, ಹಗ್ಗ ಎಳೆದು ತರಬೇಕು, ಪ್ರತಿ ಹಾರಾಟದ ಸಮಯ ಬರೆದಿಡಬೇಕು. ದಿನವಿಡೀ ದುಡಿದರೆ ನಿಮ್ಮ ಪಾಲಿಗೆ ಮೂರು ನಾಲ್ಕು ಹಾರಾಟ. ಮದುವೆ ಮನೆಯಲ್ಲಿ ನೆರೆಯವರೆಲ್ಲ ಸೇರಿ ಕೆಲಸ ಮಾಡುವ ಹಾಗೆ. ಲುಹರ್ ನಮಾಝಿಗೆ ನಾನು ಬಯಲಿನ ಅಂಚಿಗೆ ಹೋದರೆ ಹಗ್ಗದ ಕೆಲಸ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಸಂಜೆ ಅವರು ಬಿಯರ್ ಬಾಟಲಿ ತೆರೆದರೆ ನನಗೆ ಸೇಬಿನ ಜ್ಯೂಸ್. ನಾನು ಕೊಂಡೊಯ್ದ ಕೋಳಿ ಸುಕ್ಕ ಮಾತ್ರ ಮೊದಲು ಖಾಲಿ.

ಎಂಜಿನ್ ಇಲ್ಲದೆ ಮೇಲೇರುವುದು ಹೇಗೆ? ಬಯಲಿನ ಆ ತುದಿಯಲ್ಲಿ ಒಂದು ದೊಡ್ಡ ವಿಂಚ್ ಇರುತ್ತದೆ. ಅದು ಸುಮಾರು ಒಂದು ಕಿಲೋಮೀಟರ್ ಉದ್ದದ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತದೆ. ಗಾಳಿಪಟದ ಹಾಗೆ ಗ್ಲೈಡರ್ ಏರುತ್ತದೆ. ನಾನೂರು ಮೀಟರಿನ ಆಸುಪಾಸಿನಲ್ಲಿ ಹಳದಿ ಗುಬ್ಬಿ ಎಳೆದು ಹಗ್ಗ ಬಿಡಬೇಕು. ಆಮೇಲೆ ಅದು ಇಳಿಯುತ್ತಲೇ ಇರುತ್ತದೆ, ಆದರೆ ಬಹಳ ನಿಧಾನ. ನಾವು ಕಲಿತ ಎಎಸ್‌ಕೆ 21 ಗ್ಲೈಡರ್, ಗಾಳಿ ಸುಮ್ಮನಿದ್ದರೆ, ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 34 ಕಿಲೋಮೀಟರ್ ಮುಂದೆ ಹೋಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಏಳುವ ಜಾಗ ಸಿಕ್ಕಿತೋ, ಅಲ್ಲೇ ಸುತ್ತಿ ಸುತ್ತಿ ಮತ್ತೆ ಮೇಲಕ್ಕೆ. ಸಿಗದಿದ್ದರೆ ಐದಾರು ನಿಮಿಷದಲ್ಲಿ ನೆಲ.

ಇಳಿಯುವಾಗ ಒಂದೇ ಅವಕಾಶ. ಎಂಜಿನ್ ವಿಮಾನ ತಪ್ಪಿದರೆ ಮತ್ತೆ ಮೇಲೇರಿ ಸುತ್ತಿ ಬರಬಹುದು. ಗ್ಲೈಡರಿಗೆ ಅದಿಲ್ಲ. ಹಾಗಾಗಿ ಸ್ವಲ್ಪ ಎತ್ತರದಲ್ಲೇ ಬಂದು, ನೀಲಿ ಹಿಡಿ ಎಳೆದು, ರೆಕ್ಕೆಯ ಮೇಲಿನ ಏರ್‌ಬ್ರೇಕ್ ತೆರೆದು ಬೇಕಾದಷ್ಟೇ ಇಳಿಸಬೇಕು.

ಒಂದು ದಿನ ನಾನು ತೀರಾ ಎತ್ತರದಲ್ಲಿ ಬಂದೆ. ಏರ್‌ಬ್ರೇಕ್ ಪೂರ್ತಿ ತೆರೆದರೂ ಬಯಲು ಕಾಲಡಿಯಲ್ಲಿ ಓಡುತ್ತಲೇ ಇತ್ತು. ಬಯಲಿನ ಕೊನೆಯ ಬೇಲಿ ಕಂಡಿತು. ಅರ್ಧ ದಾಟಿದ ಮೇಲೆ ಚಕ್ರ ತಾಗಿತು. ಬೇಲಿಗಿಂತ ಬಹಳ ಮೊದಲೇ ನಿಂತಿತು, ಅಪಾಯವೇನೂ ಆಗಲಿಲ್ಲ. ಆದರೆ ನನಗೆ ಮಾತೇ ಹೊರಡಲಿಲ್ಲ. ಬಜ್ಪೆಯ ತನಿಖೆಯಲ್ಲಿ ಹೇಳಿದ್ದು ಇದನ್ನೇ: ವಿಮಾನ ಇರಬೇಕಾದ ಎತ್ತರಕ್ಕಿಂತ ಮೇಲಿತ್ತು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿ ನೆಲ ಮುಟ್ಟಿತು. ಮತ್ತೆ ಮೇಲೇರಲು ಸಹ ಪೈಲಟ್ ಹೇಳಿದ್ದರು.

ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರು ಕೇಳಿದರು, "ತಪ್ಪು ಎಲ್ಲಿ ಶುರುವಾಯಿತು?"

"ಕೊನೆಯ ತಿರುವಿನಲ್ಲಿ."

"ಅಲ್ಲ. ಬಯಲಿನ ಪಕ್ಕದಲ್ಲಿ ಬರುವಾಗಲೇ ಎತ್ತರ ಹೆಚ್ಚಾಗಿದೆ ಎಂದು ನಿನಗೆ ಗೊತ್ತಾಗಿತ್ತು. ಸುಮ್ಮನೆ ಕೂತೆ."

ಆ ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟುಬಿಡೋಣ ಅನಿಸಿತು. ಎರಡು ವಾರ ಬಯಲಿನ ಕಡೆ ಹೋಗಲಿಲ್ಲ. ಮೂರನೇ ವಾರ ಹೋದೆ. ಆಮೇಲಿನ ಪ್ರತಿ ಹಾರಾಟದಲ್ಲೂ, ಎತ್ತರ ಹೆಚ್ಚೋ ಕಡಿಮೆಯೋ, ಬಾಯಿಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಂಡೆ.

ಕೊನೆಗೊಂದು ದಿನ ಮೇಷ್ಟ್ರು ಹಿಂದಿನ ಸೀಟಿನಿಂದ ಇಳಿದು ಬೆಲ್ಟ್ ಕಟ್ಟಿ, "ಹೋಗಿ ಬಾ" ಎಂದರು. ಬಿಸ್ಮಿಲ್ಲಾ ಹೇಳಿ ಹೊರಟೆ. ಒಬ್ಬನೇ ಮೂರು ಸಲ ಹಾರಿ ಇಳಿದೆ. ಅಲ್ಲಿನ ಪದ್ಧತಿಯಂತೆ ಎಲ್ಲರೂ ಸಾಲಾಗಿ ನಿಂತು ನನ್ನ ಕುಂಡೆಗೆ ಒಂದೊಂದು ಪೆಟ್ಟು ಕೊಟ್ಟರು. ಬಿಸಿಗಾಳಿ ಎಲ್ಲಿ ಏಳುತ್ತದೆಂದು ಸೀಟಿನಲ್ಲೇ ತಿಳಿಯಲಿ ಅಂತ! ಆಮೇಲೆ ಕೈಗೆ ಮುಳ್ಳುಗಿಡಗಳ ಒಂದು ಗೊಂಚಲು.

ಮಾಮನ ವಿಷಯ ಅವರಿಗೆ ಹೇಳಿದ್ದು ಅಂದೇ. ಮನೆಗೂ ಹೇಳಲೇಬೇಕು ಎಂದು ನಿರ್ಧರಿಸಿದ್ದೂ ಅಂದೇ.

ಕಳೆದ ಪೆರ್ನಾಳಿಗೆ ಊರಿಗೆ ಬಂದಾಗ, ಅಡುಗೆಮನೆಯಲ್ಲಿ ಚಾ ಕುಡಿಯುತ್ತಾ ಉಮ್ಮನಿಗೆ ಹೇಳಿದೆ. ಒಂದು ನಿಮಿಷ ಮಾತಿಲ್ಲ.

"ಎಂಜಿನ್ ನಿಂತರೆ?"

"ಎಂಜಿನ್ ಇಲ್ಲವೇ ಇಲ್ಲ ಉಮ್ಮ."

ಬೈಗುಳ ಸಾಕಷ್ಟು ಬಿತ್ತು. ಎರಡು ವರ್ಷ ಮುಚ್ಚಿಟ್ಟಿದ್ದಕ್ಕೇ ಹೆಚ್ಚು. ಅತ್ತರು ಕೂಡ. ರಾತ್ರಿ ಅವರೇ ಬಂದು ವಿಡಿಯೊ ತೋರಿಸು ಎಂದರು. ಹಗ್ಗ, ಮೋಡ, ಕಾಡು ಎಲ್ಲ ನೋಡಿದರು. ಚಕ್ರ ಹುಲ್ಲಿಗೆ ತಾಗಿ ಗ್ಲೈಡರ್ ನಿಂತಾಗ, "ಇಳಿಯುವುದನ್ನು ಇನ್ನೊಮ್ಮೆ ಹಾಕು ಮೋನೆ" ಎಂದರು. ನಾಲ್ಕು ಸಲ ಹಾಕಿದೆ. ಯಾವಾಗ ಏರ್‌ಬ್ರೇಕ್ ತೆರೆದೆ, ಯಾಕೆ ತೆರೆದೆ ಎಂದು ಒಂದೊಂದಾಗಿ ಹೇಳಿದೆ. "ಅವನ ವಿಮಾನದಲ್ಲಿ ಏನಾಯಿತೆಂದು ಇಷ್ಟು ವರ್ಷ ಯಾರೂ ನನಗೆ ಹೀಗೆ ಹೇಳಿರಲಿಲ್ಲ" ಎಂದರು. ಮಾಮನ ಹೆಸರೆತ್ತಿ ಅಷ್ಟು ಹೊತ್ತು ನಾವು ಮಾತಾಡಿದ್ದು ಅದೇ ಮೊದಲು.

ಉಮ್ಮ ಉಮ್ರಾಕ್ಕೆ ಹೊರಟಿದ್ದಾರೆ ಎಂದು ಬರೆದು ಮುಗಿಸಬೇಕೆಂಬ ಆಸೆ ನನಗಿದೆ. ಇನ್ನೂ ಹೊರಟಿಲ್ಲ. ಹೋದ ತಿಂಗಳು ತಮ್ಮನ ಜೊತೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದರು, ಅಷ್ಟೇ. ನಿಮ್ಮ ದುಆದಲ್ಲಿ ಅವರನ್ನೂ ಸೇರಿಸಿಕೊಳ್ಳಿ.