ಹಗೇವು ತೆಗೆಯುವ ದಿನ

ಹಗೇವು ತೆಗೆಯುವ ದಿನ ಅಜ್ಜ ಹುಡುಗರನ್ನು ಹತ್ತಿರ ಬಿಡುತ್ತಿರಲಿಲ್ಲ. ಅಂಗಳದ ಮಣ್ಣು ಕೆದರಿ ಹಾಸುಗಲ್ಲು ಸರಿಸಿದೊಡನೆ ಬೆಚ್ಚನೆಯ ಹುಳಿವಾಸನೆ ಮೂಗಿಗೆ ಅಡರುತ್ತಿತ್ತು. ಅರ್ಧ ದಿನ ಬಾಯಿ ತೆರೆದೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. "ದೀಪ ಆರಿತಂದ್ರ ಯಾರೂ ಇಳಿಬ್ಯಾಡ್ರಿ" ಎಂದು ಅಜ್ಜ ಎರಡೆರಡು ಸಲ ಹೇಳುತ್ತಿದ್ದ. ಮುಚ್ಚಿದ ಕುಣಿಯಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಒಳಗಿನ ಹುಳ ಸಾಯುವುದು ಅದರಿಂದಲೇ, ಅವಸರಪಟ್ಟು ಇಳಿದ ಮನುಷ್ಯ ಸಾಯುವುದೂ ಅದರಿಂದಲೇ.

ಹಗೇವು ಎಂದರೆ ನೆಲದೊಳಗಿನ ಕಣಜ. ನಮ್ಮ ವಿಜಯಪುರದ ಕಡೆ ಅದರಲ್ಲಿ ಬಿಳಿಜೋಳ, ಮೈಸೂರು ಸೀಮೆಯಲ್ಲಿ ರಾಗಿ. ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯಂಥ ಹೊಟ್ಟೆ. ಗೋಡೆಗುಂಟ ಕಣಿಕೆ, ಹೊಟ್ಟು ಒತ್ತಿ ಜೋಳ ಸುರಿದು, ಕಲ್ಲು ಮುಚ್ಚಿ, ಮಣ್ಣು ಬಡಿದು ಸೆಗಣಿಯಿಂದ ಸಾರಿಸಿದರೆ ಮುಗಿಯಿತು. ಅದರ ಮೇಲೆಯೇ ಎತ್ತು ಕಟ್ಟುತ್ತಿದ್ದರು. ಕಾಲಡಿ ಎರಡು ವರ್ಷದ ಅನ್ನವಿದೆ ಎಂದು ಹಾದಿಹೋಕನಿಗೆ ತಿಳಿಯುವ ಬಗೆ ಇರಲಿಲ್ಲ. ದಂಡು ಬಂದರೂ ದರೋಡೆಕೋರರು ಬಂದರೂ ಊರು ಬದುಕಿ ಉಳಿಯುತ್ತಿದ್ದದ್ದು ಈ ಗುಟ್ಟಿನಿಂದ.

ಈ ಶಬ್ದಕ್ಕೆ ಹಗೆ ಎಂಬ ರೂಪವೂ ಉಂಟು. ವೈರಿ ಎಂಬ ಅರ್ಥದ ಹಗೆಯೂ ಅದೇ ಎರಡಕ್ಷರ. ಒಂದು ಹಗೆಯಿಂದ ಕಾಳು ಉಳಿಸಲು ಇನ್ನೊಂದು ಹಗೆ ತೋಡಿದರು ಎಂದು ನನಗೆ ಅನಿಸುವುದುಂಟು. ಇದು ನನ್ನ ಭಾವನೆ, ವ್ಯುತ್ಪತ್ತಿಯಲ್ಲ. ಬಚ್ಚಿಡು ಎಂದಾಗ ಕಳ್ಳತನದ ನೆರಳು ಬಿದ್ದೇ ಬೀಳುತ್ತದೆ. ಹಗೇವಿಗೆ ಹಾಕು ಎಂದಾಗ ಬೀಳುವುದಿಲ್ಲ. ಅಲ್ಲಿರುವುದು ಮುಂದಿನ ಬರದ ನೆನಪು. 1972ರ ಬರದಲ್ಲಿ ನಮ್ಮ ಅಂಗಳದ ಕಲ್ಲು ಸರಿದಾಗ ಓಣಿಯವರೆಲ್ಲ ಬುಟ್ಟಿ ಹಿಡಿದು ಬಂದಿದ್ದರಂತೆ. ಗೋಡೆಗೆ ತಾಗಿ ಕಪ್ಪಾದ ಕಾಳನ್ನೂ ಅಮ್ಮ ಬಿಸಾಡಲಿಲ್ಲ, ತೊಳೆದು ಒಣಗಿಸಿ ಬೀಸಿದಳಂತೆ. ಹಗೇವಿನ ಜೋಳದ ರೊಟ್ಟಿಗೆ ತನ್ನದೇ ಒಂದು ಘಾಟು. ಮೊದಲ ತುತ್ತಿಗೆ ಮುಖ ಸಿಂಡರಿಸಿದವರು ನಾಲ್ಕನೆಯ ರೊಟ್ಟಿ ಕೇಳುತ್ತಿದ್ದರು.

ಆಮೇಲೆ ಚೀಲ ಬಂತು, ಗೋದಾಮು ಬಂತು, ರೇಷನ್ ಬಂತು. ರಾಶಿಯಾದ ವಾರದಲ್ಲೇ ಕಾಳು ಪೇಟೆ ಸೇರತೊಡಗಿತು. ಕಾಲುವೆ ನೀರು ಬಂದ ಮೇಲೆ ನಮ್ಮ ನೆಲದ ತೇವ ಏರಿ ಹಗೇವು ಇಡುವ ಮಾತೇ ನಿಂತಿತು. ಅಪ್ಪ ಅದಕ್ಕೆ ಹೆಂಟೆ ಮಣ್ಣು ತುಂಬಿಸಿದ. ಈಗ ಅಲ್ಲಿ ಸಿಮೆಂಟಿನ ಅಂಗಳ, ಮೇಲೆ ಟ್ರ್ಯಾಕ್ಟರು. ನನ್ನ ಮಗಳಿಗೆ ಹಗೇವು ಎಂದರೆ ಏನೆಂದು ಗೊತ್ತಿಲ್ಲ. ಅವಳದೇನೂ ತಪ್ಪಿಲ್ಲ, ನಾನು ಆ ಮಾತನ್ನು ಆಡುವುದನ್ನೇ ಬಿಟ್ಟಿದ್ದೆ.

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಹಗೇವು ಎಲ್ಲಿತ್ತು, ಎಷ್ಟು ಚೀಲ ಹಿಡಿಯುತ್ತಿತ್ತು, ಕೊನೆಯ ಸಲ ಯಾವಾಗ ತೆಗೆದರು ಎಂದು ಇವತ್ತೇ ಕೇಳಿ ಬರೆದಿಡಿ.